ಆಮೆನ್ ಅಂದ್ರೆ ವಿಮರ್ಶೆ ಆಗಲ್ಲ

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಕ್ರೈಸ್ತ ಬರಹಗಾರರೆಲ್ಲ ಸೇರಿ ಒಬ್ರು ಬರ್ದಿದ್ದನ್ನ ಇನ್ನೊಬ್ರು ಓದಿ ಹೇಳೋ ಒಂದು ಗುಂಪು ಮಾಡ್ಬೇಕು ಅಂತ ಹೊರಟಿದೀರ, ಸಂತೋಷ. ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಮ್ಮೋರಲ್ಲಿ ಟೀಕೆ ಜಾಸ್ತಿಯಾಗಿ ಗುಂಪು ಒಡೆಯೋದು ಕಮ್ಮಿ, ಹೊಗಳಿಕೆ ಜಾಸ್ತಿಯಾಗಿ ನಿಂತೋಗೋದೇ ಹೆಚ್ಚು. ಯಾರೋ ಕವನ ಓದ್ತಾರೆ, ಎಲ್ರೂ "ಆಮೆನ್, ತುಂಬಾ ಆಶೀರ್ವಾದ ಆಯ್ತು" ಅಂತಾರೆ, ಟೀ ಬರತ್ತೆ, ಕುಡ್ಕೊಂಡು ಹೋಗ್ತಾರೆ. ಬರೆದೋರಿಗೆ ಏನು ಸಿಕ್ತು?

ಇದಕ್ಕೆ ಕಾರಣ ಇದೆ. ನಮ್ಮಲ್ಲಿ ಬರೆಯೋದ್ರಲ್ಲಿ ಹೆಚ್ಚಿನ ಪಾಲು ಸಾಕ್ಷಿ, ಅಂದ್ರೆ ದೇವರು ನನ್ನ ಬಾಳಲ್ಲಿ ಏನು ಮಾಡಿದ ಅಂತ ಹೇಳ್ಕೊಳ್ಳೋದು. "ಈ ಹಾಡು ದೇವರೇ ಕೊಟ್ಟಿದ್ದು" ಅಂತ ಶುರು ಮಾಡಿದ್ಮೇಲೆ ಯಾರು ಬಾಯಿ ಬಿಡ್ತಾರೆ, ಎರಡನೇ ಚರಣದಲ್ಲಿ ತಾಳ ತಪ್ಪಿದೆ ಅಂದ್ರೆ ದೇವರಿಗೇ ತಪ್ಪು ಹೇಳ್ದಂಗಾಗತ್ತಲ್ಲ! ಅದಕ್ಕೆ ಅನುಭವನ ಪ್ರಶ್ನೆ ಮಾಡೋ ಹಾಗಿಲ್ಲ, ಬರವಣಿಗೆನ ಮಾಡ್ಬಹುದು ಅಂತ ಮೊದಲ ದಿನವೇ ಒಪ್ಕೊಂಡುಬಿಡಿ. ಒಬ್ರು ಕಾಯಿಲೆಯಿಂದ ಗುಣವಾದ ಕಥೆ ಬರೀತಾರೆ ಅನ್ಕೊಳ್ಳಿ, ಆಸ್ಪತ್ರೆ ಬಿಲ್ಲು, ರಿಪೋರ್ಟು ಮೂರು ಪುಟ, ಆಮೇಲೆ "ಆಗ ಕರ್ತನು ನನ್ನನ್ನು ಮುಟ್ಟಿದನು" ಅಂತ ಒಂದೇ ಸಾಲು, ಮುಗೀತು. ಆ ರಾತ್ರಿ ಹಾಸಿಗೆ ಪಕ್ಕ ಯಾರಿದ್ರು, ಬೆಳಿಗ್ಗೆ ಏನು ಬೇರೆ ಅನ್ನಿಸ್ತು ಅಂತ ಕೇಳೋದು ಅವರ ನಂಬಿಕೆ ಮೇಲೆ ಅನುಮಾನ ಅಲ್ಲ, ನಿಮ್ಮ ಜೊತೆ ನಾನೂ ಆ ವಾರ್ಡಲ್ಲಿ ಇರ್ಬೇಕು ಅನ್ನೋ ಆಸೆ.

ಇನ್ನೊಂದು, ಶೆಟ್ಟಿಹಳ್ಳಿ. ಈ ಕಡೆ ಬರೆಯೋರೆಲ್ಲ ಒಂದಲ್ಲ ಒಂದ್ಸಲ ಅಲ್ಲಿ ಹೇಮಾವತಿ ಅಣೆಕಟ್ಟಿನ ಹಿನ್ನೀರಲ್ಲಿ ಪಾಳುಬಿದ್ದಿರೋ ಚರ್ಚ್ ಮೇಲೆ ಕವನ ಬರ್ದಿರ್ತೀರ. ಮಳೆಗಾಲದಲ್ಲಿ ಮುಳುಗತ್ತೆ, ಬೇಸಿಗೇಲಿ ಏಳತ್ತೆ, ಪುನರುತ್ಥಾನ, ಚಪ್ಪಾಳೆ. ಅದನ್ನ ಬೆಂಗಳೂರಿಂದ ಫೋಟೋ ತೆಗೆಯೋಕೆ ಬಂದೋರೂ ಬರೀಬಹುದು. ಹೇಮಾವತಿ ಹಿನ್ನೀರಿಗೆ ಹೊಲ ಮನೆ ಬಿಟ್ಟು ಎದ್ದುಹೋದ ಕುಟುಂಬಗಳು ಎಲ್ಲಿ, ಅವರ ಸಮಾಧಿಗಳು ಏನಾದ್ವು ಅಂತ ಕೇಳೋ ಧೈರ್ಯ ಗುಂಪಿಗೆ ಬೇಕು. ಸಾಗರದ ಕಾದಂಬರಿಕಾರ ನಾ. ಡಿಸೋಜರು ಶರಾವತಿ ಮುಳುಗಡೆ ಜನರ ಬಗ್ಗೆ ಬರೆದ್ರಲ್ಲ, ಅಲ್ಲಿ ನೀರಿಗಿಂತ ಜನ ಕಾಣ್ತಾರೆ.

ಮಾತುಕತೆನೂ ನೋಡಿ. ಚಿಕ್ಕಮಗಳೂರಿನ ಎಸ್ಟೇಟಲ್ಲಿ ಕಾಫಿ ಕುಯ್ಯೋ ಹೆಂಗಸು ಕಥೆಯೊಳಗೆ ಬಂದಕೂಡ್ಲೇ "ಆತನ ಕೃಪೆಯು ದೊಡ್ಡದು" ಅಂತ ಸತ್ಯವೇದದ, ಅಂದ್ರೆ ಬೈಬಲ್ಲಿನ, ಕನ್ನಡದಲ್ಲಿ ಮಾತಾಡ್ತಾಳೆ. ಅಲ್ಲಿ ಪೆನ್ಸಿಲ್ ಗೆರೆ ಹಾಕಿ. ಆದ್ರೆ ಮನೇಲಿ ಕೊಂಕಣಿನೋ ತಮಿಳೋ ಮಾತಾಡಿ ಕನ್ನಡದಲ್ಲಿ ಬರೆಯೋರಿಗೆ ಮೊದಲ ಓದಿಗೇ ಲ ಳ ತಿದ್ದೋಕೆ ಹೋಗ್ಬೇಡಿ, ಅವರು ಮುಂದಿನ ತಿಂಗಳು ಬರೋದೇ ಇಲ್ಲ. ಕಾಗುಣಿತ ಕೊನೇಲಿ ನೋಡ್ಕೊಂಡ್ರಾಯ್ತು.

ನಡೆಸೋ ವಿಚಾರಕ್ಕೆ ಬರ್ತೀನಿ. ಆರೇಳು ಜನ ಸಾಕು, ಬರಹ ಒಂದು ವಾರ ಮುಂಚೆನೇ ಕೈಗೆ ಬರ್ಬೇಕು. ಬರೆದೋರು ಸುಮ್ನಿರ್ಬೇಕು, ಬೇರೆಯೋರು ಮೊದ್ಲು ತಮಗೆ ಏನು ಅರ್ಥ ಆಯ್ತು ಅಷ್ಟನ್ನೇ ಹೇಳ್ಬೇಕು, ಚೆನ್ನಾಗಿದೆ ಚೆನ್ನಾಗಿಲ್ಲ ಆಮೇಲೆ. ವಯಸ್ಸಲ್ಲಿ ಚಿಕ್ಕೋರು ಮೊದ್ಲು ಮಾತಾಡ್ಲಿ. ಫಾದರ್ರೋ ಪಾಸ್ಟರ್ರೋ ಇದ್ರೆ ದಯವಿಟ್ಟು ಕೊನೇಲಿ, ಯಾಕಂದ್ರೆ ಅವರು ಹೇಳಿದ್ಮೇಲೆ ಮಿಕ್ಕೋರದ್ದೆಲ್ಲ ತಲೆ ಆಡ್ಸೋದೇ (ಇಲ್ಲಿ ಕೂತಿರೋ ಗುರುಗಳು ಕ್ಷಮಿಸ್ಬೇಕು). ಕ್ಯಾಥೊಲಿಕ್‌ನೋರು, ಪ್ರೊಟೆಸ್ಟೆಂಟ್ ಪಂಗಡದ ಸಿಎಸ್‌ಐನೋರು ಒಟ್ಟಿಗೆ ಕೂತ್ರೆ ಮಾತೆ ಮರಿಯಮ್ಮನ ವಿಷ್ಯಕ್ಕೆ ವಾದ ಹತ್ಕೊಳ್ಳತ್ತೆ, ಆಗ ನಡೆಸೋರು "ಯಾವ ಸಾಲಿನ ಬಗ್ಗೆ ಮಾತಾಡ್ತಿದೀರ?" ಅಂತ ಕೇಳಿದ್ರೆ ಸಾಕು, ವಾಪಸ್ ಬರ್ತಾರೆ.

ಗುಟ್ಟಿನ ವಿಷ್ಯ ಮಾತ್ರ ಸ್ಟ್ರಿಕ್ಟಾಗಿರಿ. ಒಬ್ಬ ಅಕ್ಕ ಗಂಡನ ಕುಡಿತದ ಬಗ್ಗೆ ಬರ್ದು ಓದ್ತಾರೆ, ಭಾನುವಾರದೊಳಗೆ ಅದು ಇಡೀ ಚರ್ಚಿಗೆ ಗೊತ್ತಾಗಿರತ್ತೆ, ಹರಟೆಯಾಗಲ್ಲ, ಪ್ರಾರ್ಥನಾ ವಿನಂತಿಯಾಗಿ! ಪ್ರಾರ್ಥನೆ ಮಾಡೋದಿದ್ರೆ ಅಲ್ಲೇ, ಅವರು ಕೇಳಿದ್ರೆ ಮಾತ್ರ.

ಚರ್ಚಿಗೆ ಬರದೇ ಇರೋ ಒಬ್ಬ ಓದುಗರನ್ನೂ ಸೇರಿಸ್ಕೊಳ್ಳಿ, ಇದು ನನ್ನ ಹಟ. ಉತ್ತಂಗಿ ಚನ್ನಪ್ಪನೋರು ಬಾಸೆಲ್ ಮಿಶನ್ ಪಾದ್ರಿ, ಸರ್ವಜ್ಞನ ವಚನ ಹುಡುಕಿ ಸೇರಿಸಿ 1924ರಲ್ಲಿ ಅಚ್ಚು ಹಾಕ್ಸಿದ್ರು, 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ಅವರ ಕಿವಿ ಚರ್ಚ್ ಗೋಡೆಗೆ ನಿಂತಿರ್ಲಿಲ್ಲ. ನಾವು ನಾವೇ ಓದ್ಕೊಂಡಿದ್ರೆ ಯಾವುದು ಹೊರಗಿನೋರಿಗೆ ತಲುಪ್ತಿಲ್ಲ ಅಂತ ಗೊತ್ತಾಗೋದೇ ಇಲ್ಲ.

ಡಿಸೆಂಬರ್, ಜನವರಿ ಮೀಟಿಂಗ್ ಇಟ್ಕೋಬೇಡಿ, ಕ್ರಿಸ್‌ಮಸ್ ಪ್ರೋಗ್ರಾಮು ಒಂದ್ಕಡೆ, ಕಾಫಿ ಕುಯ್ಲು ಒಂದ್ಕಡೆ, ಯಾರೂ ಬರಲ್ಲ. ಮೊದಲ ಸಲಕ್ಕೆ ಯಾರ ಬರಹ ಅಂತ ಇವತ್ತು ಊಟಕ್ಕೆ ಏಳೋ ಮುಂಚೆನೇ ಗೊತ್ತುಮಾಡ್ಕೊಳ್ಳಿ, ಹಾಡು ಬರ್ದಿರೋರು ಕೈ ಎತ್ತಿದ್ರೆ ಇನ್ನೂ ಒಳ್ಳೇದು.