ಹದಿನೆಂಟು ಮಹಡಿಯ ಹಡಗಿಗೆ ಹಿಮಕರಡಿ ಸಿಗುವುದಿಲ್ಲ

ನಮಸ್ಕಾರ. ಹಿನ್ನೆಲೆಯಲ್ಲಿ ಕಾರವಾರದ ಮಳೆಯ ಸದ್ದು ಕೇಳಿಸುತ್ತಿದ್ದರೆ ಕ್ಷಮಿಸಬೇಕು; ಅದನ್ನು ನಿಲ್ಲಿಸುವ ಗುಂಡಿ ನನ್ನ ಬಳಿ ಇಲ್ಲ. ಉತ್ತರದ, ಅಂದರೆ ನಾರ್ವೆ, ಅಲಾಸ್ಕಾ ಕಡೆಯ ಹಿಮಸೀಮೆಯ ಕಡಲಯಾನದ ಕುರಿತು ಮಾಡಿದ ಕಳೆದ ಸಂಚಿಕೆಗೆ ಶಿರಸಿ ಕಡೆಯ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: “ಲಕ್ಷಗಟ್ಟಲೆ ಸುರಿದು ಅಷ್ಟು ದೂರ ಹೋಗುವವರು ದೊಡ್ಡ ಹಡಗನ್ನೇ ಹತ್ತಬೇಕು. ಈಜುಕೊಳ, ರಂಗಮಂದಿರ, ಬಗೆಬಗೆಯ ಊಟ ಎಲ್ಲವೂ ಅಲ್ಲಿರುತ್ತದೆ. ಚಿಕ್ಕ ಹಡಗೆಂದರೆ ದುಡ್ಡು ಕೊಟ್ಟು ವಾಂತಿ ಮಾಡಿಕೊಂಡಂತೆ.” ಈ ಪ್ರತಿಕ್ರಿಯೆಗೆ ನನ್ನ ಸಂಚಿಕೆಗಿಂತಲೂ ಹೆಚ್ಚು ಮೆಚ್ಚುಗೆ ಬಿದ್ದಿದೆ. ಅಡಿಕೆಯ ದರ ಏರಿದಾಗ ಘಟ್ಟದ ಮೇಲಿನವರ ಮಾತಿಗೂ ತೂಕ ಏರುವುದು ಕರಾವಳಿಯವರಿಗೆ ಹೊಸದೇನಲ್ಲ. ಆದರೂ ಕಡಲಿನ ವ್ಯವಹಾರದಲ್ಲಿ ಘಟ್ಟದ ಮೇಲಿಂದ ತೀರ್ಪು ಇಳಿದು ಬಂದಾಗ ಸುಮ್ಮನೆ ಕೂರುವುದು ನನ್ನಿಂದಾಗದು.

ನನ್ನ ಮಾತು ಒಂದೇ. ಉತ್ತರಕ್ಕೆ ಹೋಗುವವರು ಹಡಗಿನ ಮೇಲೆ ಏನೇನಿದೆ ಎಂದು ವಿಚಾರಿಸಬಾರದು. ಹಡಗಿನಿಂದ ನೆಲಕ್ಕೆ ಎಷ್ಟು ಜನ, ಎಷ್ಟು ಸಲ ಇಳಿಯುತ್ತಾರೆ ಎಂದು ವಿಚಾರಿಸಬೇಕು. ಸಿಂಗಾಪುರಕ್ಕೋ ಬಾರ್ಸಿಲೋನಾಕ್ಕೋ ಹೋಗುವವರು ಎಷ್ಟು ದೊಡ್ಡ ಹಡಗನ್ನಾದರೂ ಹತ್ತಲಿ, ನನ್ನದೇನೂ ತಕರಾರಿಲ್ಲ. ಅಲ್ಲಿ ಹಡಗು ಕಟ್ಟುವ ಧಕ್ಕೆಯಿದೆ, ಧಕ್ಕೆ ದಾಟಿದರೆ ಊರಿದೆ. ಉತ್ತರದಲ್ಲಿ ನಾವು ನೋಡಬೇಕೆಂದು ಹೋಗುವ ಎಷ್ಟೋ ಜಾಗಗಳಲ್ಲಿ ಧಕ್ಕೆಯೂ ಇಲ್ಲ, ಊರೂ ಇಲ್ಲ.

ಸ್ವಾಲ್‌ಬಾರ್ಡ್ ದ್ವೀಪಸಮೂಹದ ಸಂಗತಿಯನ್ನೇ ನೋಡೋಣ. ನಾರ್ವೆಯ ಆಡಳಿತಕ್ಕೆ ಸೇರಿದ, 78 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಈ ದ್ವೀಪಗಳ ಬಹುಭಾಗ ಸಂರಕ್ಷಿತ ಪ್ರದೇಶವಾಗಿದ್ದು, 2025ರ ಜನವರಿ 1ರಿಂದ ಆ ಪ್ರದೇಶಗಳೊಳಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗಿಗೆ ಪ್ರವೇಶವೇ ಇಲ್ಲ. ಒಳಗೆ ಹೋದ ಹಡಗುಗಳಿಗೂ ಜನರನ್ನು ಇಳಿಸಲು ಗೊತ್ತುಪಡಿಸಿರುವುದು 43 ಜಾಗಗಳನ್ನು ಮಾತ್ರ. ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರ ನಿಲ್ಲಬೇಕೆಂಬ ನಿಯಮವೂ ಇದೆ. ಇದು ಚಿಕ್ಕ ಹಡಗಿಗೂ ಅನ್ವಯಿಸುತ್ತದೆ ಎಂದು ಯಾರೋ ಈಗಾಗಲೇ ಬೆರಳು ಎತ್ತಿರುತ್ತಾರೆ. ಹೌದು ಸ್ವಾಮಿ, ಅನ್ವಯಿಸುತ್ತದೆ. ಆದರೆ 500 ಮೀಟರ್ ದೂರದಲ್ಲಿ ದುರ್ಬೀನು ಹಿಡಿದು ನಿಲ್ಲುವುದಕ್ಕೂ, ಆ ಕೊಲ್ಲಿಯ ಬಾಯಿಗೂ ಬರಲಾಗದೆ ಲಾಂಗಿಯರ್‌ಬೀನ್ ಊರಿನ ಅಂಗಡಿಯಲ್ಲಿ ಹತ್ತಿ ತುಂಬಿದ ಹಿಮಕರಡಿಯ ಗೊಂಬೆ ಖರೀದಿಸುವುದಕ್ಕೂ ವ್ಯತ್ಯಾಸವಿದೆ.

ಇಳಿಯುವುದೆಂದರೆ ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊಣಕಾಲಿನವರೆಗಿನ ರಬ್ಬರ್ ಬೂಟು ತೊಟ್ಟು, ಹೊರಗಿನ ಬೀಜ, ಮಣ್ಣು, ರೋಗ ಯಾವುದೂ ಆ ನೆಲಕ್ಕೆ ಸೇರದಿರಲೆಂದು ಅದರ ಅಡಿಯನ್ನು ಸೋಂಕುನಾಶಕದ ತಟ್ಟೆಯಲ್ಲಿ ಅದ್ದಿ, ಜೀವರಕ್ಷಕ ಜಾಕೆಟ್ ಬಿಗಿದುಕೊಂಡು ಹಡಗಿನ ಪಕ್ಕದ ಮೆಟ್ಟಿಲಿಗೆ ಬರಬೇಕು. ಕೆಳಗೆ ಗಾಳಿ ತುಂಬಿದ ರಬ್ಬರ್ ದೋಣಿ ಏರಿಳಿಯುತ್ತಿರುತ್ತದೆ. ನಾವಿಕನ ಅಂಗೈ ಹಿಡಿದರೆ ಒದ್ದೆಗೆ ಜಾರುತ್ತದೆ; ಆದ್ದರಿಂದ ಪರಸ್ಪರ ಮುಂಗೈ ಹಿಡಿದುಕೊಂಡು, ದೋಣಿ ಅಲೆಯೊಂದಿಗೆ ಮೇಲೆ ಬಂದ ಕ್ಷಣದಲ್ಲಿ ಕಾಲಿಡಬೇಕು. ದೋಣಿಗೆ ಹತ್ತೋ ಹನ್ನೆರಡೋ ಜನ. ದಡದಲ್ಲಿ ಬಂದೂಕು ಹೆಗಲಿಗೇರಿಸಿದ ಮಾರ್ಗದರ್ಶಕರು ಮೊದಲೇ ಹೋಗಿ, ಕರಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಾಯುತ್ತಿರುತ್ತಾರೆ. ನೂರಿಪ್ಪತ್ತು ಜನರ ಹಡಗಿನಲ್ಲಿ ಇದು ಬೆಳಗಿನ ಉಪಾಹಾರದ ನಂತರ ಒಮ್ಮೆ, ಊಟದ ನಂತರ ಇನ್ನೊಮ್ಮೆ ನಡೆಯಬಹುದಾದ ಕೆಲಸ. ಇದೇ ಕೆಲಸವನ್ನು ಮೂರು ಸಾವಿರ ಜನರಿಗೆ ಮಾಡಿ ನೋಡಿ. ಧಕ್ಕೆಯಿಲ್ಲದ ಊರಿನೆದುರು ಲಂಗರು ಹಾಕಿದ ದೊಡ್ಡ ಹಡಗಿನಲ್ಲಿ, ಚೀಟಿ ಹಿಡಿದು ದೋಣಿಯ ಸರದಿ ಕಾಯುವುದೆಂದರೆ ಮದುವೆ ಮನೆಯ ಕೊನೆಯ ಪಂಕ್ತಿಗೆ ಕಾದಂತೆ: ನಿಮ್ಮ ಎಲೆ ಬೀಳುವಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ.

ಗಾತ್ರದ ಅಂದಾಜು ಬೇಕೆನ್ನುವವರಿಗೆ ಒಂದು ಲೆಕ್ಕ. ನಮ್ಮ ಸೀಬರ್ಡ್ ನೌಕಾನೆಲೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ಉದ್ದ 284 ಮೀಟರ್. ನಾರ್ವೆಯ ಫ್ಯೋರ್ಡ್‌ಗಳಿಗೆ, ಅಂದರೆ ಬೆಟ್ಟಗಳ ನಡುವಿನ ಆ ಕಿರಿದಾದ ಕೊಲ್ಲಿಗಳಿಗೆ ಹೋಗುವ ಎಂಎಸ್‌ಸಿ ಯೂರಿಬಿಯಾ 331 ಮೀಟರ್ ಉದ್ದವಿದ್ದು, ಆರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರಬಲ್ಲದು. ಅಂಥದೊಂದು ಫ್ಯೋರ್ಡಿನ ದಡದ ಗೈರಾಂಗರ್ ಹಳ್ಳಿಯಲ್ಲಿ ವರ್ಷವಿಡೀ ನೆಲೆಸಿರುವವರು ಮುನ್ನೂರು ಜನರೂ ಇಲ್ಲ. ದೊಡ್ಡ ಹಡಗುಗಳ ಜನ ಅಂಥ ಹಳ್ಳಿಗಳಲ್ಲಿ ಇಳಿದ ದಿನ ನೀವು ನೋಡುವುದು ಫ್ಯೋರ್ಡನ್ನಲ್ಲ, ಮುಂದಿನವರ ಬೆನ್ನಚೀಲವನ್ನು. ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿಯಲ್ಲಿ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅನುಮತಿ, ಅವುಗಳ ಪ್ರಯಾಣಿಕರು ಅಲ್ಲಿ ಇಳಿಯುವಂತಿಲ್ಲ, ಹಿಮನದಿಯನ್ನು ಕಟಕಟೆ ಹಿಡಿದು ನೋಡಿ ಬರಬೇಕು. ಅದೇ ಅಲಾಸ್ಕಾದ ಜೂನೋ ನಗರವಂತೂ ಸಾಕಪ್ಪಾ ಸಾಕು ಎಂದು 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿಕೊಂಡಿತು. ಐದಕ್ಕೆ ಇಳಿಸಿದ್ದು!

ಗೈರಾಂಗರ್ ಹೆಸರೆತ್ತಿದ ಕೂಡಲೇ ಓದಿಕೊಂಡವರು ಒಂದು ಅಸ್ತ್ರ ತೆಗೆಯುತ್ತಾರೆ. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಫ್ಯೋರ್ಡ್‌ಗಳಲ್ಲಿ ಹೊಗೆಯುಗುಳದ ಹಡಗುಗಳು ಮಾತ್ರ ಸಂಚರಿಸಬೇಕೆಂಬ ನಿಯಮ 10,000 ಟನ್ನಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರಿಂದಲೇ, ದೊಡ್ಡವುಗಳಿಗೆ 2032ರಿಂದ ಎಂದು ನಾರ್ವೆ ಸರ್ಕಾರ ನಿಗದಿಪಡಿಸಿದೆ. ಹಾಗಾದರೆ ಸದ್ಯಕ್ಕೆ ದೊಡ್ಡ ಹಡಗೇ ಲೇಸಲ್ಲವೇ ಎಂದು ಕೇಳುತ್ತಾರೆ. ದೊಡ್ಡವರಿಗೆ ಆರು ವರ್ಷ ಹೆಚ್ಚಿನ ವಾಯಿದೆ ಸಿಗುವುದು ಯಾವ ದೇಶದಲ್ಲಿ ತಾನೇ ಅಪರೂಪ? ನಾರ್ವೆಯಲ್ಲಿ ಫ್ಯೋರ್ಡ್‌ಗಳಿಗೆ ಬರಗಾಲವಿಲ್ಲ. ಪಕ್ಕದ ಫ್ಯೋರ್ಡ್‌ಗೆ ಹೋಗಿ, ಚಿಕ್ಕ ಹಡಗಿನಲ್ಲಿ ಹೋಗಿ. ಮುಂದಿನ ಪ್ರಶ್ನೆ.

ವಾಂತಿ. ದೊಡ್ಡ ಹಡಗು ಕಡಿಮೆ ಹೊಯ್ದಾಡುತ್ತದೆ, ಅದಕ್ಕೆ ನೀರಿನಡಿಯಲ್ಲಿ ರೆಕ್ಕೆಗಳಿವೆ, ಎಲ್ಲವೂ ನಿಜ. ಆದರೆ ವೈಕಿಂಗ್ ಸ್ಕೈ ಎಂಬ ಹಡಗಿಗೂ ಆ ರೆಕ್ಕೆಗಳಿದ್ದವು. ಸುಮಾರು 47,800 ಟನ್ನಿನ ಗಾತ್ರವೂ ಇತ್ತು. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ತಾದ್ವಿಕಾ ಬಳಿ ಬಿರುಗಾಳಿಯಲ್ಲಿ, ತೊಟ್ಟಿಗಳಲ್ಲಿ ಎಂಜಿನ್ ಎಣ್ಣೆ ಇರಬೇಕಾದಷ್ಟು ಇಲ್ಲದ ಕಾರಣ ಅದರ ಎಂಜಿನ್‌ಗಳು ನಿಂತುಹೋದವು. ಹಡಗಿನಲ್ಲಿದ್ದ 1,373 ಜನರಲ್ಲಿ ನಾನ್ನೂರೆಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಹೆಲಿಕಾಪ್ಟರಿನಿಂದ ಹಗ್ಗ ಬಿಟ್ಟು ಎತ್ತಬೇಕಾಯಿತು. ಎಂಜಿನ್ ಮತ್ತೆ ಹತ್ತಿಕೊಳ್ಳದಿದ್ದರೆ ಉಳಿದವರನ್ನು ಎತ್ತಲು ಎಷ್ಟು ಹೊತ್ತು ಬೇಕಿತ್ತೆಂದು ಲೆಕ್ಕ ಹಾಕಿ. ಇನ್ನು 2023ರ ಸೆಪ್ಟೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಆಲ್ಪೆಫ್ಯೋರ್ಡ್‌ನಲ್ಲಿ ಓಷನ್ ಎಕ್ಸ್‌ಪ್ಲೋರರ್ ಎಂಬ ಚಿಕ್ಕ ಹಡಗು 206 ಜನರೊಂದಿಗೆ ನೆಲಕ್ಕೆ ಸಿಕ್ಕಿಕೊಂಡಿದ್ದನ್ನು ನೆನಪಿಸುವವರಿದ್ದಾರೆ. ಮೂರು ದಿನಗಳ ನಂತರ ಮೀನುಗಾರಿಕಾ ಸಂಶೋಧನೆಯ ಹಡಗೊಂದು ಬಂದು ಅದನ್ನು ಎಳೆದು ಬಿಡಿಸಿತು, ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆರು ಸಾವಿರ ಜನರ ಹಡಗಾಗಿದ್ದರೆ? ಆಗ ಅದು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ ಎನ್ನುತ್ತೀರಿ. ಅದನ್ನೇ ನಾನು ಆಗಿನಿಂದ ಹೇಳುತ್ತಿರುವುದು!

ಈ ನಡುವೆ ಒಂದು ವಿನಂತಿ: ಇಷ್ಟು ಹೊತ್ತು ಕೇಳಿದವರು ವಾಹಿನಿಯ ಚಂದಾದಾರರಾಗಿ. ಕೂರ್ಮಗಡದ ನರಸಿಂಹ ಜಾತ್ರೆಗೆ ದೋಣಿಯಲ್ಲಿ ಹೋದ ಸಂಚಿಕೆಯೂ ಇದೆ. ಅದನ್ನು ನೋಡಿದವರು ತೀರ ಕಡಿಮೆ, ಅದು ನನ್ನ ಉತ್ತಮ ಸಂಚಿಕೆ.

ಚಿಕ್ಕ ಹಡಗು ದುಬಾರಿ ಎನ್ನುವವರಿಗೆ ಹುರ್ಟಿಗ್ರೂಟನ್ ಇದೆ. 1893ರಿಂದ ನಾರ್ವೆಯ ಕರಾವಳಿಯಲ್ಲಿ ಓಡುತ್ತಿರುವ ಈ ಹಡಗುಸಾಲು ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳಲ್ಲಿ ನಿಲ್ಲುತ್ತದೆ. ಸರಕನ್ನೂ ಊರಿನ ಜನರನ್ನೂ ಹತ್ತಿಸಿಕೊಳ್ಳುತ್ತದೆ. ಮುಂಬಯಿಯ ಆಗಬೋಟಿನ, ಅಂದರೆ ಹಳೆಯ ಉಗಿಹಡಗಿನ ನೆನಪಿರುವ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇದರಲ್ಲಿ ಇನ್ನೂರಕ್ಕಿಂತ ಹೆಚ್ಚು ಜನರಿರುತ್ತಾರಲ್ಲ ಎಂದು ಯಾರೂ ಬರೆಯಬೇಡಿ. ನನಗೆ ಗೊತ್ತಿದೆ, ಆದರೆ ಆರು ಸಾವಿರ ಇರುವುದಿಲ್ಲ.

ಕೊನೆಯದಾಗಿ ಸಸ್ಯಾಹಾರದ ಪ್ರಶ್ನೆ, ಇದನ್ನು ಯಾರು ಕೇಳಿದರೆಂದು ಹೇಳಬೇಕಾಗಿಲ್ಲ. ಅಪ್ಪೆಹುಳಿ, ತಂಬುಳಿ ಯಾವ ಗಾತ್ರದ ಹಡಗಿನಲ್ಲೂ ಸಿಗುವುದಿಲ್ಲ, ಆದ್ದರಿಂದ ಈ ವಾದ ರದ್ದು. ಚಿಕ್ಕ ಹಡಗಿಗೆ ಬುಕಿಂಗ್ ಹೊತ್ತಿನಲ್ಲೇ ಬರೆದು ತಿಳಿಸಿ, ಉಪ್ಪಿನಕಾಯಿ ಬಾಟಲಿ ಒಯ್ಯಿರಿ, ಮುಚ್ಚಳ ಬಿಗಿಯಾಗಿರಲಿ. ಈಜುಕೊಳ ಬೇಕೆಂದರೆ ಹುಬ್ಬಳ್ಳಿಯ ಹೋಟೆಲಿನಲ್ಲೂ ಇದೆ. ಚಿಕ್ಕ ಹಡಗು ಹತ್ತಿ. ಕಾರಣ ಕೇಳಬೇಡಿ, ಕಾರಣಗಳೆಲ್ಲ ಮೇಲೆಯೇ ಮುಗಿದವು. ಚಿಕ್ಕದನ್ನೇ ಹತ್ತಿ.

ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದಿಂದ ಸ್ವಾಲ್‌ಬಾರ್ಡ್ ಹೊರಗಿರುವುದರಿಂದ ನಾರ್ವೆಗೆ ಮರಳಿ ಬರಲು ಎರಡು ಪ್ರವೇಶದ ವೀಸಾ ಬೇಕಾಗುತ್ತದೆ. ಅದರ ಕಾಗದಪತ್ರಗಳ ಕುರಿತು ಮುಂದಿನ ಶನಿವಾರ ಮಾತನಾಡುತ್ತೇನೆ. ಅಲ್ಲಿಯೂ ಹಡಗಿನ ಗಾತ್ರದ ಮಾತು ಬಂದೇ ಬರುತ್ತದೆ, ಸಹಿಸಿಕೊಳ್ಳಬೇಕು.