ಥೈಮಿನ್‌ಗೆ ಯಾಕೆ ಆ ಹೊಟ್ಟೆಸೀಳು?

ಪಿಯುಸಿಯಲ್ಲಿ ನಾವೆಲ್ಲ ಉರು ಹೊಡೆದ ಸಾಲು: ಡಿಎನ್‌ಎಯಲ್ಲಿ ಥೈಮಿನ್, ಆರ್‌ಎನ್‌ಎಯಲ್ಲಿ ಅದರ ಬದಲು ಯುರಾಸಿಲ್. ಒಂದು ಮಾರ್ಕು. ಯಾಕೆ ಬದಲು ಅಂತ ಯಾರೂ ಕೇಳಲಿಲ್ಲ. ನನ್ನ ಕೇಳಿದರೆ, ಆ ತಿರುಚಿದ ಏಣಿಯ ಚಿತ್ರಕ್ಕೆ ಬಣ್ಣ ಹಚ್ಚೋದು ಬಿಟ್ಟು ಈ ಪ್ರಶ್ನೆಯಿಂದಲೇ ಡಿಎನ್‌ಎ ಪಾಠ ಶುರು ಮಾಡಬೇಕು.

ಡಿಎನ್‌ಎ ಕಟ್ಟಿರೋದು ನ್ಯೂಕ್ಲಿಯೊಟೈಡ್ ಅನ್ನೋ ತುಂಡುಗಳಿಂದ. ಒಂದೊಂದರಲ್ಲೂ ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್. ಮೊದಲೆರಡು ಡಿಎನ್‌ಎ ಉದ್ದಕ್ಕೂ ಒಂದೇ, ಸುದ್ದಿ ಇರೋದು ಬೇಸ್‌ನಲ್ಲಿ. ಏಣಿಯ ಎರಡು ಎಳೆಗಳಲ್ಲಿ ಎ (ಅಡೆನಿನ್) ಎದುರಿಗೆ ಟಿ (ಥೈಮಿನ್), ಜಿ (ಗ್ವಾನಿನ್) ಎದುರಿಗೆ ಸಿ. ಒಂದು ಎಳೆ ಕೆಟ್ಟರೆ ಇನ್ನೊಂದನ್ನು ನೋಡಿಕೊಂಡು ತಿದ್ದಬಹುದು. ಆದರೆ ಎರಡರಲ್ಲಿ ಕೆಟ್ಟಿದ್ದು ಯಾವುದು ಅಂತ ಮೊದಲು ಗೊತ್ತಾಗಬೇಕಲ್ಲ?

ಈ ಸಿ, ಅಂದರೆ ಸೈಟೋಸಿನ್, ಸ್ವಲ್ಪ ಸಡಿಲ ಆಸಾಮಿ. ಸಿಗರೇಟು, ವಿಕಿರಣ ಏನೂ ಬೇಡ, ಮೈಬಿಸಿ ಮತ್ತು ನೀರು ಸಾಕು. ತನ್ನ ಅಮೈನೋ ಗುಂಪು ಕಳಚಿಕೊಂಡು ಯುರಾಸಿಲ್ ಆಗಿಬಿಡುತ್ತೆ. ನಮ್ಮ ಒಂದೊಂದು ಜೀವಕೋಶದಲ್ಲೂ ದಿನಕ್ಕೆ ನೂರರ ಲೆಕ್ಕದಲ್ಲಿ ಇದು ನಡೀತಾ ಇರುತ್ತೆ. ಡಿಎನ್‌ಎಯಲ್ಲಿ ಯುರಾಸಿಲ್ಲೇ ಅಧಿಕೃತ ಅಕ್ಷರವಾಗಿದ್ದಿದ್ದರೆ, ಇದು ಹುಟ್ಟಾ ಯುರಾಸಿಲ್ಲೋ, ಕೆಟ್ಟ ಸೈಟೋಸಿನ್ನೋ, ಯಾರು ಹೇಳೋರು?

ಹಾಗಾಗಿ ಥೈಮಿನ್. ಯುರಾಸಿಲ್‌ಗೆ ಒಂದು ಪುಟ್ಟ ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಸೇರಿಸಿದರೆ ಥೈಮಿನ್, ಅಷ್ಟೇ. 'ದ'ಕ್ಕೆ ಹೊಟ್ಟೆ ಸೀಳಿದರೆ 'ಧ' ಆಗುತ್ತಲ್ಲ, ಹಾಗೆ. ನಮ್ಮ ಬಾಯಲ್ಲಿ ಎರಡೂ ಒಂದೇ. ಎ ಜೊತೆ ಜೋಡಿಯಾಗುವಾಗ ಇವೂ ಒಂದೇ. ಓದುವಾಗ ವ್ಯತ್ಯಾಸ ಕಾಣುತ್ತೆ. (ಮಹಾಪ್ರಾಣ ಬೇಡ ಅನ್ನೋರು ದಯವಿಟ್ಟು ಕಮೆಂಟಲ್ಲಿ ಜಗಳ ಆಡಬೇಡಿ, ಇದು ಕೆಮಿಸ್ಟ್ರಿ.) ಹೊಟ್ಟೆಸೀಳು ಇಲ್ಲದ ಅಕ್ಷರ ಕಂಡರೆ ಕಿತ್ತು ಹಾಕೋಕೇ ಒಂದು ಎಂಜೈಮ್ ಇದೆ. 1974ರಲ್ಲಿ ಅದನ್ನು ಕಂಡುಹಿಡಿದ ಟೊಮಾಸ್ ಲಿಂಡಾಲ್ ಅವರಿಗೆ, ಡಿಎನ್‌ಎ ರಿಪೇರಿಯ ಕೆಲಸಕ್ಕೆ, 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು. ಆರ್‌ಎನ್‌ಎ, ಅಂದರೆ ಡಿಎನ್‌ಎಯಿಂದ ತೆಗೆದ ನಕಲು, ಬದುಕೋದೇ ಅಲ್ಪಕಾಲ, ಅದಕ್ಕೆ ಯಾಕೆ ಈ ಖರ್ಚು?

ಖರ್ಚು ಅಂದೆ, ಉತ್ಪ್ರೇಕ್ಷೆ ಅಲ್ಲ. ಆ ಮೀಥೈಲ್ ಬರೋದು ಫೋಲೇಟ್ ಅನ್ನೋ ಬಿ ವಿಟಮಿನ್‌ನಿಂದ, ಅಂದರೆ ಊಟದ ತಟ್ಟೆಯ ಸೊಪ್ಪು, ಕಾಳುಗಳಿಂದ. ಫೋಲೇಟ್ ಕಡಿಮೆಯಾದರೆ ಥೈಮಿನ್ ಕಡಿಮೆ. ಸದಾ ವಿಭಜನೆ ಆಗ್ತಾ ಇರೋ ರಕ್ತಕಣದ ತಾಯಿಕೋಶಗಳಿಗೆ ಮೊದಲ ಏಟು: ಕೋಶ ಬೆಳೆಯುತ್ತೆ, ಒಡೆಯೋಕೆ ಆಗಲ್ಲ. 1928ರಲ್ಲಿ ಬಾಂಬೆಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಗರ್ಭಿಣಿಯರಲ್ಲಿ ಕಂಡ ರಕ್ತಹೀನತೆ ಇದೇ ಜಾತಿಯದು. ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. ಡಿಎನ್‌ಎ ಏಣಿಯ ಚಿತ್ರ ಹುಟ್ಟೋಕೆ ಆಗಿನ್ನೂ ಎರಡು ದಶಕ ಬಾಕಿ ಇತ್ತು. 1941ರಲ್ಲಿ, ಯೀಸ್ಟ್ ಸಾರದಲ್ಲಿ ಕೆಲಸ ಮಾಡಿದ್ದ ಆ ವಸ್ತು ಪಾಲಕ್ ಸೊಪ್ಪಿನಿಂದ ಬೇರೆಯಾಗಿ ಬಂದು ಫೋಲಿಕ್ ಆಸಿಡ್ ಅಂತ ಹೆಸರು ಪಡೀತು. ಇವತ್ತಿಗೂ ಗರ್ಭಿಣಿಯರ ಮಾತ್ರೆ ಡಬ್ಬದಲ್ಲಿ ಅದು ಇರುತ್ತೆ.

ಇಷ್ಟೆಲ್ಲ ಜಾಣತನದಲ್ಲೂ ಒಂದು ತೂತಿದೆ. ಜೀನ್ ಬಾಯಿ ಮುಚ್ಚಿಸೋಕೆ ಜೀವಕೋಶ ಕೆಲವು ಕಡೆ ಸೈಟೋಸಿನ್‌ಗೂ ಮೀಥೈಲ್ ಅಂಟಿಸುತ್ತೆ, ಸಾಮಾನ್ಯವಾಗಿ ಸಿ ಆದಮೇಲೆ ಜಿ ಬರೋ ಜಾಗದಲ್ಲಿ. ಅಂಥ ಸಿ ಕೆಟ್ಟರೆ ಯುರಾಸಿಲ್ ಆಗಲ್ಲ, ನೇರ ಅಸಲಿ ಥೈಮಿನ್ನೇ. ಕಾವಲುಗಾರ ಎಷ್ಟೋ ಸಲ ಸೆಲ್ಯೂಟ್ ಹೊಡೆದು ಒಳಗೆ ಬಿಡ್ತಾನೆ. ಅದಕ್ಕೇ ನಮ್ಮ ಜೀನೋಮ್‌ನಲ್ಲಿ, ಅಂದರೆ ಇಡೀ ಡಿಎನ್‌ಎಯಲ್ಲಿ, ಸಿ-ಜಿ ಅನ್ನೋ ಈ ಸಾಲುಜೋಡಿ, ಲೆಕ್ಕದ ಪ್ರಕಾರ ಇರಬೇಕಾದ್ದರಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ ಉಳಿದಿದೆ.