ಆಲ್ಬರ್ಟಾದ ಎರಡು ದೊಡ್ಡ ನಗರಗಳು: 300 ಕಿಲೋಮೀಟರ್ ದೂರದ ದಾಯಾದಿಗಳು

[ದೃಶ್ಯ: ಕೆನಡಾ ನಕ್ಷೆ. ರಾಕಿ ಪರ್ವತಗಳ ಪೂರ್ವಕ್ಕೆ ಆಲ್ಬರ್ಟಾ ಬಣ್ಣ ಪಡೆಯುತ್ತದೆ]

ನಮಸ್ಕಾರ. ಕೆನಡಾ ಅಂದ್ರೆ ನಮ್ಮವರ ಬಾಯಲ್ಲಿ ಮೊದಲು ಬರೋದು ಟೊರೊಂಟೊ, ಆಮೇಲೆ ವ್ಯಾಂಕೂವರ್. ಇವತ್ತು ಎರಡನ್ನೂ ಬಿಟ್ಟು ಆಲ್ಬರ್ಟಾಗೆ ಹೋಗೋಣ. ಇಲ್ಲಿ ದೊಡ್ಡ ನಗರಗಳು ಎರಡೇ. 2021ರ ಜನಗಣತಿಯಲ್ಲಿ ಕ್ಯಾಲ್ಗರಿಗೆ 13 ಲಕ್ಷ ಜನ, ಎಡ್ಮಂಟನ್‌ಗೆ 10 ಲಕ್ಷ. ಮೂರನೇ ಸ್ಥಾನದ ರೆಡ್ ಡೀರ್ ಬರೀ ಒಂದು ಲಕ್ಷ! ದೊಡ್ಡವೆರಡರ ನಡುವೆ ಸುಮಾರು 300 ಕಿಲೋಮೀಟರ್ ದಾರಿ. ಸಂಬಂಧ ಮಾತ್ರ ದಾಯಾದಿಗಳದ್ದು.

[ದೃಶ್ಯ: ಹಳೇ ಉಗಿಬಂಡಿ]

ಜಗಳ ಶುರುವಾಗಿದ್ದು ರೈಲಿನಿಂದ. ಎಡ್ಮಂಟನ್ ಹಿರಿಯಣ್ಣ. ಆ ಸೀಮೆಯಲ್ಲಿ ಹಡ್ಸನ್ಸ್ ಬೇ ಕಂಪನಿ ತುಪ್ಪಳದ ವ್ಯಾಪಾರಕ್ಕೆ ಕೋಟೆ ಕಟ್ಟಿದ್ದು 1795ರಲ್ಲಿ. ಕ್ಯಾಲ್ಗರಿ ಹುಟ್ಟಿದ್ದು 1875ರಲ್ಲಿ, ಪೊಲೀಸ್ ಠಾಣೆಯಾಗಿ. ದೇಶದ ಆಚೆ ತುದಿವರೆಗೆ ಹೋಗೋ ಕೆನಡಿಯನ್ ಪೆಸಿಫಿಕ್ ರೈಲು ಎಡ್ಮಂಟನ್ ಕಡೆಯಿಂದಲೇ ಹಾಯುತ್ತೆ ಅಂತ ಮೊದಲು ಲೆಕ್ಕ ಇತ್ತು. ಕಂಪನಿ ದಕ್ಷಿಣದ ದಾರಿ ಹಿಡೀತು, 1883ರಲ್ಲಿ ರೈಲು ಕ್ಯಾಲ್ಗರಿಗೆ ಬಂತು. ಅಲ್ಲಿಂದ ಉತ್ತರಕ್ಕೆ ಕವಲು ಬಂದಿದ್ದು 1891ರಲ್ಲಿ, ಅದೂ ಎಡ್ಮಂಟನ್ ಮುಂದಿನ ನದಿ ದಾಟದೆ ದಕ್ಷಿಣ ದಡದಲ್ಲೇ ನಿಂತುಬಿಡ್ತು. ಆ ದಡದಲ್ಲಿ ಸ್ಟ್ರಾತ್‌ಕೋನಾ ಅಂತ ಬೇರೆ ಊರೇ ಎದ್ದಿತು. ಎಡ್ಮಂಟನ್ ಜೊತೆ ಅದು ಸೇರಿದ್ದು 1912ರಲ್ಲಿ.

1905ರಲ್ಲಿ ಆಲ್ಬರ್ಟಾ ಪ್ರಾಂತ್ಯ ಆಯ್ತು. ದೇಶದ ರಾಜಧಾನಿ ಒಟ್ಟಾವಾದಲ್ಲಿ ಲಿಬರಲ್ ಪಕ್ಷದ ಸರ್ಕಾರ, ಅದರಲ್ಲಿ ಮಂತ್ರಿ ಎಡ್ಮಂಟನ್‌ನ ಫ್ರ್ಯಾಂಕ್ ಆಲಿವರ್. ಪ್ರಾಂತ್ಯದ ರಾಜಧಾನಿ ಯಾವ ಊರಿಗೆ ಹೋಯ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಹೋಗ್ಲಿ, ವಿಶ್ವವಿದ್ಯಾಲಯವಾದ್ರೂ ಸಿಗುತ್ತೆ ಅಂತ ಕ್ಯಾಲ್ಗರಿ ಕಾದಿತ್ತು. ಮೊದಲ ಪ್ರೀಮಿಯರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಥರ, ಅಲೆಕ್ಸಾಂಡರ್ ರುದರ್‌ಫೋರ್ಡ್ ಅದನ್ನ ತಮ್ಮ ಸ್ವಂತ ಕ್ಷೇತ್ರ ಸ್ಟ್ರಾತ್‌ಕೋನಾದಲ್ಲೇ ಇಟ್ಟರು. ಸ್ವಕ್ಷೇತ್ರ ಪ್ರೇಮ ನಮ್ಮಲ್ಲಿ ಮಾತ್ರ ಇರೋ ಕಾಯಿಲೆ ಅಂದ್ಕೊಂಡಿದ್ರಾ? ಕ್ಯಾಲ್ಗರಿ ತನ್ನದೇ ವಿಶ್ವವಿದ್ಯಾಲಯಕ್ಕೆ 1966ರವರೆಗೆ ಕಾಯಬೇಕಾಯ್ತು.

[ದೃಶ್ಯ: ಎಣ್ಣೆ ಬಾವಿಯ ಗೋಪುರ]

ಸೇಡು ತೀರಿದ್ದು ಎಣ್ಣೆಯಿಂದ. 133 ಬಾವಿ ಕೊರೆದು ಕೈ ಸುಟ್ಕೊಂಡಿದ್ದ ಇಂಪೀರಿಯಲ್ ಆಯಿಲ್‌ಗೆ 1947ರ ಫೆಬ್ರವರಿ 13ರಂದು ಲೆಡ್ಯೂಕ್‌ನಲ್ಲಿ ಎಣ್ಣೆ ಚಿಮ್ಮಿತು. ಲೆಡ್ಯೂಕ್ ಇರೋದು ಎಡ್ಮಂಟನ್ ಮಗ್ಗುಲಲ್ಲಿ. ಆದರೂ ಕಂಪನಿಗಳ ಮುಖ್ಯ ಕಚೇರಿಗಳು ಕ್ಯಾಲ್ಗರಿ ಬಿಟ್ಟು ಕದಲಲಿಲ್ಲ. ಯಾಕಂದ್ರೆ 1914ರಲ್ಲೇ ಕ್ಯಾಲ್ಗರಿ ಹತ್ತಿರದ ಟರ್ನರ್ ವ್ಯಾಲಿಯಲ್ಲಿ ಎಣ್ಣೆ ಸಿಕ್ಕಿತ್ತು. ಭೂವಿಜ್ಞಾನಿಗಳು, ವಕೀಲರು, ದುಡ್ಡು ಹಾಕೋರು ಎಲ್ಲ ಅಲ್ಲೇ ಬೇರು ಬಿಟ್ಟಿದ್ದರು. ಹೀಗಾಗಿ ಪೈಪು, ಸಂಸ್ಕರಣಾಗಾರ, ಮೈಕೈ ಮಸಿ ಎಡ್ಮಂಟನ್ ಕಡೆಗೆ. ಗಾಜಿನ ಗೋಪುರ, ಟೈ ಕಟ್ಟಿದ ಕೆಲಸ ಕ್ಯಾಲ್ಗರಿಗೆ. ಹಸು ಒಬ್ಬರ ಕೊಟ್ಟಿಗೇಲಿ, ಹಾಲಿನ ಲೆಕ್ಕ ಇನ್ನೊಬ್ಬರ ಜಗಲಿ ಮೇಲೆ.

ಅದೇ ಟೈ ಕಟ್ಟೋ ಜನ ಜುಲೈ ಬಂದ್ರೆ ಕೌಬಾಯ್ ಟೋಪಿ ಹಾಕಿ ಆಫೀಸಿಗೆ ಬರ್ತಾರೆ. ಹತ್ತು ದಿನ ಸ್ಟಾಂಪೀಡ್ ಜಾತ್ರೆ, 1912ರಲ್ಲಿ ಶುರುವಾಗಿದ್ದು. ಗೂಳಿ ಸವಾರಿ, ಗಾಡಿ ಓಟ, ಬೀದಿಬೀದೀಲಿ ಪುಕ್ಕಟೆ ಪ್ಯಾನ್‌ಕೇಕ್. ಚಳಿಗಾಲದಲ್ಲಿ ಇನ್ನೊಂದು ಮೋಜು: ರಾಕಿ ಪರ್ವತ ಇಳಿದು ಬರೋ ಚಿನೂಕ್ ಅನ್ನೋ ಬಿಸಿಗಾಳಿ ಕೆಲವೇ ಗಂಟೆಗಳಲ್ಲಿ ತಾಪಮಾನವನ್ನ 20 ಡಿಗ್ರಿ ಏರಿಸಬಲ್ಲದು. ಬೆಳಿಗ್ಗೆ ಹೆಪ್ಪುಗಟ್ಟಿದ್ದ ರಸ್ತೆ ಮಧ್ಯಾಹ್ನ ರಾಡಿ. ಗಾಳಿ ಬರದ ದಿನಗಳಿಗೆ ‘ಪ್ಲಸ್ 15’ ಇದೆ, ಅಂದ್ರೆ ನೆಲದಿಂದ 15 ಅಡಿ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಮುಚ್ಚಿದ ಸೇತುವೆಗಳ ಜಾಲ.

ನನಗೆ ಕೇಳಿದ್ರೆ ಎಡ್ಮಂಟನ್ ಹೆಚ್ಚು ಇಷ್ಟ. ನಾರ್ತ್ ಸಸ್ಕಾಚೆವನ್ ನದಿಯ ಆಳವಾದ ಕಣಿವೆ ಊರನ್ನ ಸೀಳಿಕೊಂಡು ಹೋಗುತ್ತೆ, ಅದರ ಬಹುಪಾಲು ಕಾಡು, ಉದ್ಯಾನ. ಸರ್ಕಾರಿ ನೌಕರರು, ವಿದ್ಯಾರ್ಥಿಗಳು, ನಾಟಕದೋರು ತುಂಬಿದ ಊರು. 1982ರಿಂದ ಪ್ರತಿ ಆಗಸ್ಟ್‌ನಲ್ಲಿ ಫ್ರಿಂಜ್ ನಾಟಕೋತ್ಸವ. ಇನ್ನು ಐಸ್ ಹಾಕಿ ವಿಷಯ ಎತ್ತಿದ್ರೆ, ಎಡ್ಮಂಟನ್ ಆಯ್ಲರ್ಸ್‌ಗೆ ಆ ಆಟದ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಐದು ಸಲ, ಕ್ಯಾಲ್ಗರಿ ಫ್ಲೇಮ್ಸ್‌ಗೆ 1989ರಲ್ಲಿ ಒಂದೇ ಒಂದು ಸಲ.

[ದೃಶ್ಯ: ಲೆತ್‌ಬ್ರಿಜ್ ರೈಲು ಸೇತುವೆ]

ಚಿಕ್ಕ ಊರುಗಳನ್ನ ಬೇಗ ನೋಡಿಬಿಡೋಣ. ಲೆತ್‌ಬ್ರಿಜ್ ಗಾಳಿಯ ಊರು. 1909ರ ಉಕ್ಕಿನ ರೈಲು ಸೇತುವೆ ಅಲ್ಲಿ ಒಂದೂವರೆ ಕಿಲೋಮೀಟರ್‌ಗೂ ಉದ್ದ. ಮೆಡಿಸಿನ್ ಹ್ಯಾಟ್ ಕೂತಿರೋದೇ ನೈಸರ್ಗಿಕ ಅನಿಲದ ಮೇಲೆ.

ಇನ್ನೊಂದು ತಮಾಷೆ ಉಳೀತು. ಎಡ್ಮಂಟನ್ ಅಂಚಿನ ಶೆರ್‌ವುಡ್ ಪಾರ್ಕ್‌ನಲ್ಲಿ 72 ಸಾವಿರ ಜನ ಇದ್ದಾರೆ, ಮೆಡಿಸಿನ್ ಹ್ಯಾಟ್‌ಗಿಂತ ಜಾಸ್ತಿ. ಆದರೆ ನಗರಗಳ ಪಟ್ಟೀಲಿ ಹುಡುಕಿದ್ರೆ ಸಿಗಲ್ಲ, ಕಾನೂನಿನ ಲೆಕ್ಕದಲ್ಲಿ ಅದು ಕುಗ್ರಾಮ! ಸ್ಟ್ರಾತ್‌ಕೋನಾ ಕೌಂಟಿ ಅನ್ನೋ ಸ್ಥಳೀಯಾಡಳಿತಕ್ಕೆ ಸೇರಿದ ಹಳ್ಳಿ (ಎಡ್ಮಂಟನ್ ಜೊತೆ ಸೇರಿದ ಸ್ಟ್ರಾತ್‌ಕೋನಾ ಊರೇ ಬೇರೆ). ದೊಡ್ಡ ಸಂಸ್ಕರಣಾಗಾರಗಳು ನಿಂತಿರೋ ನೆಲವೂ ಇದೇ ಕೌಂಟಿಯದ್ದು, ಆಸ್ತಿ ತೆರಿಗೆ ಹೋಗೋದು ಕೌಂಟಿ ಖಜಾನೆಗೆ. 1980ರ ಸುಮಾರಿಗೆ ಎಡ್ಮಂಟನ್ ಈ ಊರನ್ನ ತನ್ನೊಳಗೆ ಸೇರಿಸಿಕೊಳ್ಳೋಕೆ ನೋಡ್ತು, ಆಗಲಿಲ್ಲ. ದಾಯಾದಿಗಳು ಹಸುವಿಗೆ ಜಗಳ ಆಡ್ತಿರುವಾಗ ಪಕ್ಕದ ಮನೆಯೋರು ಸದ್ದಿಲ್ಲದೆ ಬೆಣ್ಣೆ ತೆಗೀತಿದ್ದಾರೆ.